‘ನಂದೇ’ ಎಂದು ಹಾಡುವವರು

ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯು ಜೋಯಿಡಾ ತಾಲ್ಲೂಕಿನ ಕಾಡನ್ನು ಸೀಳಿಕೊಂಡು ಬಂದು, ಸಹ್ಯಾದ್ರಿಯ ನೆತ್ತಿಯನ್ನು ಮುಟ್ಟಿ, ಅಲ್ಲಿಂದ ಗೋವೆಯ ಕಡೆಗೆ ತಿರುವು ತಿರುವಾಗಿ ಇಳಿಯತೊಡಗುವ ಸ್ಥಳದಲ್ಲಿ ಅನಮೋಡವೆಂಬ ನಮ್ಮ ಸಣ್ಣ ಊರಿದೆ. 1961ರ ಡಿಸೆಂಬರಿನವರೆಗೆ ಇದರಾಚೆಗಿನ ಇಳಿಜಾರು ಪೋರ್ಚುಗೀಸರದಾಗಿತ್ತು. ಈಗ ಅದು ನಮ್ಮ ದೇಶದ್ದೇ ಇನ್ನೊಂದು ರಾಜ್ಯ. ಆಳುವವರು ಬದಲಾದರು, ಗಡಿಯ ತಪಾಸಣೆ ಮಾತ್ರ ಹೋಗಲಿಲ್ಲ. ಗೋವೆಯಲ್ಲಿ ಮದ್ಯ ಅಗ್ಗ, ಇಲ್ಲಿ ತುಟ್ಟಿ. ಆ ಅಂತರ ಉಳಿದಿರುವವರೆಗೆ, ಘಟ್ಟ ಹತ್ತಿ ಬರುವ ಬಸ್ಸುಗಳೂ ಲಾರಿಗಳೂ ಚೆಕ್‌ಪೋಸ್ಟಿನ ಮುಂದೆ ನಿಂತು, ಒಡಲಲ್ಲಿ ಇರುವುದನ್ನೆಲ್ಲ ತೋರಿಸಿಯೇ ಮುಂದಕ್ಕೆ ಸಾಗಬೇಕು.

ಬಸ್ಸು ನಿಂತಿದೆಯೆಂದು ಊಹಿಸಿಕೊಳ್ಳಿ. ಹೊರಗೆ ಮಳೆ ಹೊಯ್ಯುತ್ತಿದೆ. ಪೇದೆಯೊಬ್ಬ ಹತ್ತಿ ಬಂದು, ಸೀಟಿನ ಕೆಳಗೆ ಕೈಹಾಕಿ, ಟವೆಲಿನಲ್ಲಿ ಸುತ್ತಿಟ್ಟ ಎರಡು ಬಾಟಲಿಗಳನ್ನು ಹೊರಗೆಳೆದು, ‘ಯಾರದ್ರೀ ಇದು?’ ಎನ್ನುತ್ತಾನೆ. ಆ ಸೀಟಿನ ಮೇಲೆ ಕುಳಿತವರು, ಮರವೆಂಬುದನ್ನೇ ಈವರೆಗೆ ಕಾಣದವರಂತೆ, ಕಿಟಕಿಯಾಚೆಯ ಕಾಡನ್ನು ಬೆರಗಿನಿಂದ ನೋಡತೊಡಗುತ್ತಾರೆ. ಹಿಂದಿನ ಸೀಟಿನವರಿಗೆ ಆ ಕ್ಷಣದಲ್ಲಿಯೇ ಗಾಢನಿದ್ರೆ ಬರುತ್ತದೆ. ‘ನಮ್ದಲ್ರೀ ಸಾಹೇಬ್ರ’ ಎಂಬ ಉತ್ತರ ಸಾಲು ಸಾಲಾಗಿ ಬರುತ್ತದೆ. ಬಾಟಲಿಗಳು ಅನಾಥವಾಗಿ ಇಳಿದುಹೋಗುತ್ತವೆ. ಬಸ್ಸು ಹೊರಟ ಮೇಲೆ ಎಲ್ಲರೂ ನಗುತ್ತಾರೆ. ಆ ನಗುವವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಗುವಾತನೇ ಅವುಗಳ ಒಡೆಯನೆಂಬುದು ಈ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು.

ಇಂದಿನ ಕಾಲು ಗಂಟೆಯಲ್ಲಿ ನಾನು ಮಾತನಾಡಬೇಕಾದದ್ದು ಇದಕ್ಕೆ ವಿರುದ್ಧವಾದ ಒಂದು ಬಗೆಯ ಮನುಷ್ಯನನ್ನು ಕುರಿತು. ಅವನು ಎದ್ದು ನಿಂತು ‘ನಂದೇ’ ಎನ್ನುತ್ತಾನೆ. ಹಾಗೆಂದು ಹಾಡುತ್ತಾನೆ. ಹಾಡಿ ನಗಿಸುತ್ತಾನೆ, ನಗಿಸುತ್ತಲೇ ತನ್ನ ಬಾಳು ಹಾಳಾದ ಲೆಕ್ಕವನ್ನು ಪೈಸೆ ಬಿಡದೆ ಒಪ್ಪಿಸುತ್ತಾನೆ. ಇಂಥವನ ಹಾಡು ಈಚಿನ ಕಾಲದಲ್ಲಿ ರ‍್ಯಾಪ್ ಎಂಬ ರೂಪದಲ್ಲಿ ಲೋಕವನ್ನೆಲ್ಲ ಸುತ್ತಿದೆ.

ರ‍್ಯಾಪ್ ಎಂದೊಡನೆ ಹಿರಿಯ ಕೇಳುಗರಲ್ಲಿ ಕೆಲವರು ಬಾನುಲಿಯ ಕಿವಿ ಹಿಂಡಲು ಕೈ ಚಾಚಬಹುದು. ಒಂದು ಗಳಿಗೆ ತಾಳಿ. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ, 1973ರ ಆಗಸ್ಟ್ ತಿಂಗಳ ಒಂದು ಸಂಜೆ, ಜಮೈಕಾ ದ್ವೀಪದಿಂದ ವಲಸೆ ಬಂದ ಕುಟುಂಬದ ಕೂಲ್ ಹರ್ಕ್ ಎಂಬ ತರುಣನು ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ಎರಡು ಗ್ರಾಮಫೋನುಗಳನ್ನು ಅಕ್ಕಪಕ್ಕದಲ್ಲಿಟ್ಟು, ಹಾಡಿನೊಳಗಿನ ತಾಳದ ಭಾಗವನ್ನಷ್ಟೇ ಮತ್ತೆ ಮತ್ತೆ ನುಡಿಸಿ, ಅದರ ಮೇಲೆ ಮಾತಿನ ಕೂಗುಗಳನ್ನು ಹಾರಿಸಿದನಷ್ಟೆ. ಆ ಸಂಜೆಯನ್ನೇ ಈ ಕಲೆಯ ಜನ್ಮದಿನವೆಂದು ಅದರ ಅನುಯಾಯಿಗಳು ಎಣಿಸುತ್ತಾರೆ. ರಾಗವು ಹಿಂದಕ್ಕೆ ಸರಿದು, ತಾಳದ ಬೆನ್ನೇರಿದ ಮಾತು ಮುಂದಕ್ಕೆ ಬರುವ ಪದ್ಧತಿ ಇದು. ಧಾರವಾಡ, ಬೆಳಗಾವಿ, ವಿಜಯಪುರಗಳ ಸೀಮೆಯಲ್ಲಿ ದಪ್ಪು ಬಡಿದು, ತುಂತುಣಿ ಮೀಟಿ, ಗೀಗೀ ಪದ ಹಾಡುವ ಮೇಳವನ್ನು ಕೇಳಿದವರಿಗೆ ಇದರಲ್ಲಿ ಅಪರಿಚಿತವಾದದ್ದು ಹೆಚ್ಚಿಲ್ಲ. ಅಲ್ಲಿಯೂ ಕಥೆ ಉಂಟು, ಸವಾಲು ಉಂಟು, ಎದುರಾಳಿಯ ಮಾನ ಹರಾಜು ಹಾಕುವ ಚಾತುರ್ಯ ಉಂಟು.

ಇಷ್ಟಾಯಿತು: ಅನಮೋಡದ ಬಸ್ಸಿನಲ್ಲಿ ಯಾರೂ ಹೇಳದ ಮಾತನ್ನು ಹೇಳುವ ಹಾಡೊಂದಿದೆ, ಅದರ ಹೆಸರು ರ‍್ಯಾಪ್, ಅದಕ್ಕೆ ನಮ್ಮ ಗೀಗೀ ಪದದ ದೂರದ ನಂಟೂ ಉಂಟು. ಈಗ ಅಂಥ ಒಂದು ಹಾಡನ್ನು ಸಮೀಪದಿಂದ ಕೇಳೋಣ.

ಜೋಸೆಫ್ ಫೋರ್ಮನ್ ಎಂಬ ಗಾಯಕರು ಆಫ್ರೋಮ್ಯಾನ್ ಎಂಬ ಹೆಸರಿನಲ್ಲಿ ಹಾಡುತ್ತಾರೆ. 2000ದ ಸುಮಾರಿಗೆ ಅವರು ‘ಬಿಕಾಸ್ ಐ ಗಾಟ್ ಹೈ’ ಎಂಬ ಹಾಡು ಕಟ್ಟಿದರು. ಗಾಂಜಾ ಸೇದಿದವನ ಆತ್ಮಕಥೆ ಅದು. ಅಂತರಜಾಲದಲ್ಲಿ ಕೈಯಿಂದ ಕೈಗೆ ಹರಿದು, ಮರುವರ್ಷದೊಳಗಾಗಿ ಅದು ಹಲವು ದೇಶಗಳಲ್ಲಿ ಅತ್ಯಂತ ಜನಪ್ರಿಯ ಗೀತೆಯಾಗಿ, ಗ್ರ್ಯಾಮಿ ಪ್ರಶಸ್ತಿಯ ಸ್ಪರ್ಧೆಗೂ ಹೆಸರಿಸಲ್ಪಟ್ಟಿತು. ಹಾಡಿನ ರಚನೆ ಬಹಳ ಸರಳ. ನಾನು ಕೋಣೆ ಗುಡಿಸಬೇಕೆಂದಿದ್ದೆ, ಆದರೆ ನಶೆಯೇರಿತು. ಕೋಣೆ ಹಾಗೆಯೇ ಉಳಿಯಿತು. ಕಾಲೇಜಿಗೆ ಹೋಗಬೇಕೆಂದಿದ್ದೆ, ಹೋಗಲಿಲ್ಲ, ಫೇಲಾದೆ. ಕೆಲಸಕ್ಕೆ ಹೋಗಬೇಕೆಂದಿದ್ದೆ, ಕೆಲಸ ಹೋಯಿತು. ಹೀಗೆ ಒಂದೊಂದು ನುಡಿಯಲ್ಲಿ ಒಂದೊಂದು ಆಸ್ತಿ ಕಳೆಯುತ್ತ ಬರುತ್ತದೆ. ಮಗುವಿನ ಪೋಷಣೆಗಾಗಿ ಕೋರ್ಟಿಗೆ ಹೋಗಲಿಲ್ಲ, ಸಂಬಳವೆಲ್ಲ ಮುಟ್ಟುಗೋಲಾಯಿತು. ಕಾರಿನ ಕಂತು ಕಟ್ಟಲಿಲ್ಲ, ಕಾರನ್ನು ಎಳೆದೊಯ್ದರು. ಪೊಲೀಸರು ತಡೆದಾಗ ನಿಲ್ಲಲಿಲ್ಲ, ಸೊಂಟದ ಕೆಳಗಿನ ಬಲ ಹೋಯಿತು. ಕೊನೆಗೆ ಹೆಂಡತಿ ಮಕ್ಕಳೂ ಹೋಗಿ, ಅವನು ರಸ್ತೆಯ ಬದಿಯಲ್ಲಿ ಮಲಗುತ್ತಾನೆ.

ಕೇಳುವಾಗ ನಗು ತಡೆಯಲಾಗುವುದಿಲ್ಲ. ಏಕೆ? ಅಂಗವೈಕಲ್ಯಕ್ಕೂ ನಿರ್ಗತಿಕತನಕ್ಕೂ ನಗುವುದು ನೀಚತನವಲ್ಲವೆ? ನನಗೆ ಕಾಣುವಂತೆ ಇಲ್ಲಿಯ ಹಾಸ್ಯವೆಲ್ಲ ಪ್ರಮಾಣದಲ್ಲಿದೆ. ಕೋಣೆ ಗುಡಿಸದೆ ಉಳಿದದ್ದಕ್ಕೂ ಕಾಲಿನ ಬಲ ಕಳೆದುಕೊಂಡದ್ದಕ್ಕೂ ಅವನು ಕೊಡುವ ಕಾರಣ ಒಂದೇ. ಹೇಳುವ ದನಿಯೂ ಒಂದೇ. ನಷ್ಟವು ಪರ್ವತದಂತೆ ಬೆಳೆಯುತ್ತಿದ್ದರೂ ಸಮಜಾಯಿಷಿ ಮೊದಲಿದ್ದ ಗಾತ್ರದಲ್ಲಿಯೇ ಉಳಿಯುತ್ತದೆ. ಆ ಸಮಜಾಯಿಷಿಯ ಕ್ಷುದ್ರತೆಯನ್ನು ಕೇಳುಗನು ತಾನಾಗಿ ಅಳೆದುಕೊಳ್ಳುತ್ತಾನೆ. ಗಾಯಕನು ಉಪದೇಶದ ಒಂದಕ್ಷರವನ್ನೂ ಆಡಬೇಕಾಗುವುದಿಲ್ಲ. ಇನ್ನೊಂದು ವಿಶೇಷವನ್ನೂ ಗಮನಿಸಿ. ಆ ಹಾಡಿನಲ್ಲಿ ಕೆಟ್ಟ ಗೆಳೆಯರಿಲ್ಲ, ಕ್ರೂರಿಯಾದ ತಂದೆಯಿಲ್ಲ, ಗ್ರಹಗತಿಯೂ ಇಲ್ಲ. ಬಡತನವನ್ನೂ ಸರ್ಕಾರವನ್ನೂ ದೂರಲು ಒಬ್ಬ ಕರಿಯ ಅಮೆರಿಕನನಿಗೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಈ ಒಂದು ಹಾಡಿನ ಮಟ್ಟಿಗೆ ಅವುಗಳಲ್ಲಿ ಒಂದನ್ನೂ ಸಾಕ್ಷಿಗೆ ಕರೆಯಲಿಲ್ಲ. ಕಟಕಟೆಯಲ್ಲಿ ನಿಂತವನು ಒಬ್ಬನೇ.

ಇಲ್ಲಿಗೆ ಒಂದು ಮಾತು ನಿಂತಿತು: ಕರಾಳ ಹಾಸ್ಯವು ಹೊಣೆಯನ್ನು ಹಗುರ ಮಾಡುವುದಿಲ್ಲ, ಅದನ್ನು ಅಳೆದು ತೋರಿಸುತ್ತದೆ. ಆದರೆ ಇದನ್ನು ಕಲಿಯಲು ನಾವು ಅಮೆರಿಕದವರೆಗೆ ಹೋಗಬೇಕಾಗಿರಲಿಲ್ಲ. ಬ್ರಾಂಕ್ಸಿನ ಆ ಕೂಟಕ್ಕೆ ನಾಲ್ಕು ದಶಕ ಮುಂಚೆಯೇ ಕನ್ನಡದಲ್ಲಿ ಒಬ್ಬನು ಎದ್ದು ನಿಂತು ‘ನಂದೇ’ ಎಂದಿದ್ದನು.

ಅವನು ಹೆಂಡಕುಡುಕ ರತ್ನ. ಅವನನ್ನು ಸೃಷ್ಟಿಸಿದವರು ಜಿ. ಪಿ. ರಾಜರತ್ನಂ. 1908ರಲ್ಲಿ ಹುಟ್ಟಿ 1979ರಲ್ಲಿ ತೀರಿಕೊಂಡ ಈ ಕನ್ನಡದ ಅಧ್ಯಾಪಕರು, ಮಕ್ಕಳಿಗೆ ತುತ್ತೂರಿಯ ಪದ್ಯವನ್ನು ಕೊಟ್ಟ ಅದೇ ಲೇಖನಿಯಿಂದ, 1930ರ ದಶಕದಲ್ಲಿ ‘ರತ್ನನ ಪದಗಳು’ ಬರೆದರು. ತಾವು ಹೆಂಡವನ್ನು ಮುಟ್ಟಿದವರಲ್ಲ. ಆದರೂ ಕುಡುಕನ ಕಥೆಯನ್ನು ‘ಅವನು’ ಎಂದು ಹೇಳಲಿಲ್ಲ. ‘ನಾನು’ ಎಂದು ಹೇಳಿಸಿದರು. ಅಷ್ಟೇ ಸಾಲದೆಂಬಂತೆ ತಮ್ಮ ಹೆಸರಿನ ಅರ್ಧವನ್ನೇ ಅವನಿಗೆ ಇಟ್ಟರು. ಸುಸಂಸ್ಕೃತರ ಗೋಷ್ಠಿಗಳಲ್ಲಿ ನವೋದಯದ ಕವಿಗಳು ಪ್ರಕೃತಿಯನ್ನೂ ಪ್ರೇಮವನ್ನೂ ಪರತತ್ತ್ವವನ್ನೂ ಮಧುರವಾಗಿ ಹಾಡುತ್ತಿದ್ದ ಆ ಕಾಲದಲ್ಲಿ, ಒಬ್ಬ ಗೌರವಸ್ಥ ಮೇಷ್ಟರು ಹೆಂಡದಂಗಡಿಯ ನೆಲದ ಮೇಲೆ ಕುಳಿತವನ ಒಡೆದ ನುಡಿಯನ್ನು, ಆ ನುಡಿಯ ತೊದಲು ಸಹಿತವಾಗಿ, ಪದ್ಯಕ್ಕೆ ಏರಿಸಿ ತಮ್ಮ ಹೆಸರನ್ನೂ ಒತ್ತೆಯಿಟ್ಟರೆಂಬುದು ಸಾಮಾನ್ಯ ಧೈರ್ಯವಲ್ಲ.

ರತ್ನನ ಲೆಕ್ಕಾಚಾರವನ್ನು ನೋಡಿ. ಒಂದು ಪದದಲ್ಲಿ ದೇವರು ಪ್ರತ್ಯಕ್ಷನಾಗಿ ಅವನನ್ನು ಪರೀಕ್ಷಿಸುತ್ತಾನೆ. ಹೆಂಡ ಬಿಡೆಂದರೆ ರತ್ನ ಬಿಡಲು ಸಿದ್ಧ. ಹೆಂಡತಿಯನ್ನು ಬಿಡೆಂದರೆ, ಅದಕ್ಕೂ ಒಪ್ಪುತ್ತಾನೆ. ಕನ್ನಡದ ಪದ ಹಾಡುವುದನ್ನು ಬಿಡೆಂದಾಗ ಮಾತ್ರ ದೇವರ ಮೇಲೆಯೇ ತಿರುಗಿ ಬೀಳುತ್ತಾನೆ. ಸಭೆಗಳಲ್ಲಿ ಇದನ್ನು ಭಾಷಾಭಿಮಾನದ ಗೀತೆಯೆಂದು ಹಾಡುವುದು ವಾಡಿಕೆ. ಸುಗಮ ಸಂಗೀತದ ಗಾಯಕರ ಕಂಠದಿಂದ ಆ ಪದಗಳು ಮನೆಮನೆಗೆ ತಲುಪಿದ್ದೂ ನಮ್ಮ ಪುಣ್ಯ. ಆದರೆ ನವೆಂಬರ್ ತಿಂಗಳ ವೇದಿಕೆಯ ಉತ್ಸಾಹವನ್ನು ಕ್ಷಣಕಾಲ ಬದಿಗಿಟ್ಟು ಕೇಳಿದರೆ, ಅದರಲ್ಲಿ ಇನ್ನೊಂದು ಧ್ವನಿ ಕೇಳುತ್ತದೆ. ಎಲ್ಲವನ್ನೂ ಬಿಟ್ಟ ಮೇಲೆಯೂ ಮನುಷ್ಯನಿಗೆ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ನಾಲಗೆಯೊಂದು ಬೇಕು. ಅದನ್ನು ಕೊಟ್ಟರೆ ಬಾಟಲಿ ಮತ್ತೆ ಯಾರದೂ ಅಲ್ಲದಾಗುತ್ತದೆ. ರತ್ನ ಬಿಡಲೊಲ್ಲದ ವಸ್ತು ಅದು ಎಂದು ನನಗೆ ತೋರುತ್ತದೆ.

ಆಫ್ರೋಮ್ಯಾನರನ್ನು ಕೇಳಿದೆವು, ರತ್ನನನ್ನು ಕಂಡೆವು. ಇಬ್ಬರೂ ನಗಿಸುತ್ತಾರೆ, ಇಬ್ಬರೂ ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಒಪ್ಪಿಕೊಂಡ ಮಾತ್ರಕ್ಕೆ ಋಣ ತೀರಿತೇ? ಇಲ್ಲಿ ನಾವು ಸ್ವಲ್ಪ ಎಚ್ಚರದಿಂದ ಇರಬೇಕು.

ತನ್ನನ್ನು ತಾನು ಹಾಸ್ಯ ಮಾಡಿಕೊಳ್ಳುವವನನ್ನು ಬೈಯುವುದು ಕಷ್ಟ. ‘ನಾನೇ ಕೆಟ್ಟವನಪ್ಪಾ’ ಎಂದು ಮುಂಚಿತವಾಗಿ ಹೇಳಿಬಿಟ್ಟವನಿಗೆ ಇನ್ನೇನು ಹೇಳುವುದು? ನಮ್ಮ ಊರುಗಳಲ್ಲಿ ಇಂಥ ಚತುರರು ಬೇಕಾದಷ್ಟು ಜನರಿದ್ದಾರೆ. ಸಂಬಳದ ದಿನ ಕುಡಿದು ಬಂದು, ಜಗಲಿಯ ಮೇಲೆ ಕುಳಿತು, ತನ್ನನ್ನು ಕುರಿತು ತಾನೇ ನಾಲ್ಕು ತಮಾಷೆ ಆಡಿ, ನೆರೆಯವರನ್ನು ನಗಿಸಿ, ಆ ನಗುವಿನ ಮರೆಯಲ್ಲಿ ಹೆಂಡತಿಯ ಪ್ರಶ್ನೆಯಿಂದ ಪಾರಾಗುವವರು ಅವರು. ಹಾಸ್ಯವು ಇಲ್ಲಿ ತಪ್ಪೊಪ್ಪಿಗೆಯಲ್ಲ, ಜಾಮೀನು. ಇನ್ನು ಕೆಲವು ಹಾಡುಗಳಂತೂ ಜಾಮೀನನ್ನೂ ಕೇಳುವುದಿಲ್ಲ. ಚಂದನ್ ಶೆಟ್ಟಿ ಅವರ ‘3 ಪೆಗ್’ ಕನ್ನಡ ರ‍್ಯಾಪನ್ನು ಮದುವೆ ಮನೆಗಳವರೆಗೂ ತಲುಪಿಸಿತು, ಅದರ ತಾಳಕ್ಕೆ ಕಾಲು ಕುಣಿಯದವರು ಕಡಿಮೆ. ಆದರೆ ಅಲ್ಲಿ ಪಾನವು ಸಂಭ್ರಮ, ಮರುದಿನದ ಬೆಳಗು ಹಾಡಿನೊಳಗೆ ಬರುವುದೇ ಇಲ್ಲ. ಅದನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅದು ಬೇರೆ ಜಾತಿಯ ಹಾಡು, ಅಷ್ಟೆ.

ಹಾಡಿನ ಹೊಣೆಗೂ ಹಾಡುಗನ ಹೊಣೆಗೂ ನಡುವೆ ಅಂತರ ಎಷ್ಟಿರಬಹುದೆಂಬುದಕ್ಕೆ ಅಮೆರಿಕದ್ದೇ ಒಂದು ನಿದರ್ಶನವಿದೆ. ಸ್ಲಿಕ್ ರಿಕ್ ಎಂಬ ಕಲಾವಿದರು 1988ರಲ್ಲಿ ‘ಚಿಲ್ಡ್ರನ್ಸ್ ಸ್ಟೋರಿ’ ಎಂಬ ಹಾಡು ಹಾಡಿದರು. ಮಲಗುವ ಮುನ್ನ ಮಕ್ಕಳು ಕಥೆ ಕೇಳುತ್ತಾರೆ, ಅವರು ಅಕ್ಕರೆಯ ದನಿಯಲ್ಲಿ ಹೇಳುತ್ತಾರೆ. ಕಥೆ ಮಾತ್ರ ದರೋಡೆಗಿಳಿದ ಹರೆಯದ ಹುಡುಗನದು. ಪೊಲೀಸರ ಗುಂಡಿನಲ್ಲಿ ಮುಗಿಯುವಂಥದು. ಆ ಅಕ್ಕರೆಯ ದನಿಗೂ ಆ ಸಾವಿಗೂ ಇರುವ ವಿರೋಧವೇ ಅಲ್ಲಿಯ ಕರಾಳ ಹಾಸ್ಯ. ಎರಡು ವರ್ಷ ಕಳೆಯುವುದರೊಳಗೆ ಅದೇ ಕಲಾವಿದರು ಸ್ವಂತ ಬಂಧುವಿನ ಮೇಲೆ ಗುಂಡು ಹಾರಿಸಿ, ಸುಮಾರು ಐದು ವರ್ಷ ಸೆರೆಮನೆಯಲ್ಲಿ ಕಳೆಯಬೇಕಾಯಿತು. ಕಥೆ ಅವರಿಗೆ ಗೊತ್ತಿತ್ತು. ಅದು ಇನ್ನೊಬ್ಬ ಹುಡುಗನ ಕಥೆಯಾಗಿತ್ತು.

ಆಫ್ರೋಮ್ಯಾನರ ಹಾಡಿಗೂ ಒಂದು ಉತ್ತರಕಾಂಡವುಂಟು. 2014ರಲ್ಲಿ, ಅಮೆರಿಕದ ಕೆಲವು ರಾಜ್ಯಗಳಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡುವ ಚಳವಳಿ ನಡೆದಾಗ, ಅದೇ ಮಟ್ಟಿಗೆ ಅವರು ಹೊಸ ನುಡಿಗಳನ್ನು ಹೊಂದಿಸಿದರು. ಈ ಸಲ ಗಾಂಜಾದಿಂದ ತಮಗಾದ ಲಾಭಗಳ ಪಟ್ಟಿ. ವಾದ ಸರಿಯೋ ತಪ್ಪೋ, ಅದನ್ನು ಆ ದೇಶದವರು ತೀರ್ಮಾನಿಸಿಕೊಳ್ಳಲಿ. ಹಾಡಾಗಿ ಮಾತ್ರ ಅದು ಸಪ್ಪೆ. ಮೊದಲಿನದರಲ್ಲಿ ಆರೋಪಿ ಮಾತನಾಡುತ್ತಿದ್ದ. ಎರಡನೆಯದರಲ್ಲಿ ವಕೀಲ ಮಾತನಾಡುತ್ತಾನೆ. ವಕೀಲನ ಮಾತಿಗೆ ತಲೆದೂಗಬಹುದು, ನಗು ಬರುವುದಿಲ್ಲ.

ಇಷ್ಟರಿಂದ ಏನು ತಿಳಿಯಿತು? ‘ನಂದೇ’ ಎಂಬುದು ತಂತ್ರವಾಗಬಹುದು, ಬರಿಯ ಕಥೆಯಾಗಬಹುದು, ತಿರುಗುಮುರುಗಾಗಿ ಜಾಹೀರಾತೂ ಆಗಬಹುದು. ಹಾಗಾದರೆ ನಿಜವಾದ ಒಪ್ಪಿಗೆಯನ್ನು ಗುರುತಿಸುವುದು ಹೇಗೆ?

ನನಗೆ ತಿಳಿದ ಪರೀಕ್ಷೆ ಒಂದೇ. ಪೆಟ್ಟು ತಿಂದವರು ಹಾಡಿನೊಳಗೆ ಇದ್ದಾರೆಯೆ? ಈ ಪ್ರಶ್ನೆಯನ್ನು ಕೇಳಿದೊಡನೆ ನಾವು ಮೆಚ್ಚಿದ ಹಾಡುಗಳು ಕೂಡ ಕೊಂಚ ಮುಖ ತಗ್ಗಿಸುತ್ತವೆ. ಆಫ್ರೋಮ್ಯಾನರ ಹಾಡಿನಲ್ಲಿ ಮಗುವಿನ ಪೋಷಣೆಯ ಮಾತು ಬರುತ್ತದೆಂದೆನಷ್ಟೆ. ಬರುವುದು ಸಂಬಳದಲ್ಲಿ ಕಡಿತವಾದ ಮೊತ್ತವಾಗಿ. ಮಗುವಿಗೆ ಹೆಸರಿಲ್ಲ, ವಯಸ್ಸಿಲ್ಲ, ಹಸಿವಿಲ್ಲ. ದೇವರ ಮುಂದೆ ಏನೇ ಅಂದಿರಲಿ, ನಮ್ಮ ರತ್ನನಿಗೆ ಹೆಂಡತಿ ನಂಜಿಯ ಮೇಲೆ ಪ್ರಾಣ. ಅವಳ ರೂಪವನ್ನು ಅವನಂತೆ ಬಣ್ಣಿಸಿದವರು ಕಡಿಮೆ. ಆದರೆ ನಂಜಿ ಏನೆನ್ನುವಳೆಂಬುದನ್ನು ನಾವು ಅವನ ಬಾಯಿಂದಲೇ ತಿಳಿಯಬೇಕು. ಕುಡುಕನು ವರದಿ ಮಾಡಿದ ಹೆಂಡತಿಯ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಈಗ ಅಡಿಗೆಮನೆಯಿಂದ ನನ್ನ ಮಾತು ಕೇಳುತ್ತಿರುವ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು.

ಈ ಪರೀಕ್ಷೆಯಲ್ಲಿ ಗೆದ್ದವರಿಲ್ಲವೆಂದಲ್ಲ. ಪುರಂದರದಾಸರದೆಂದು ಪ್ರಸಿದ್ಧವಾದ ಕೀರ್ತನೆಯೊಂದಿದೆ. ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತೆಂಬ ತಾತ್ಪರ್ಯದ್ದು. ನವಕೋಟಿ ನಾರಾಯಣನೆನಿಸಿದ್ದ ಲೇವಾದೇವಿಗಾರನೊಬ್ಬನು, ದಾಸರ ಉಪಕರಣಗಳನ್ನು ಹಿಡಿದು ಬೀದಿಗಿಳಿಯಲು ತನಗೆ ಎಷ್ಟು ನಾಚಿಕೆಯಾಗುತ್ತಿತ್ತೆಂಬುದನ್ನು ನಗುನಗುತ್ತ ಹೇಳಿಕೊಂಡು, ಅವನ್ನು ತನ್ನ ಕೈಗೆ ಹಿಡಿಸಿದವಳು ತನ್ನ ಹೆಂಡತಿಯೆಂದು ಹೆಸರಿಸಿ, ಅವಳನ್ನು ಹರಸುತ್ತಾನೆ. ತಪ್ಪು ತನ್ನದು, ತಿದ್ದಿದವಳು ಅವಳು. ಕೀರ್ತನೆಯಲ್ಲಿ ಅವಳಿಗೆ ಮಾತಿಲ್ಲವಾದರೂ ಕೆಲಸವಿದೆ.

ಮಾತೂ ಸಿಗುವುದಕ್ಕೆ ನಿದರ್ಶನವಾಗಿ, ಬೈಲಹೊಂಗಲದ ಸೀಮೆಯಲ್ಲಿ ನಡೆದ ಕೊಲೆಯೊಂದನ್ನು ಕುರಿತ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ನೆನೆಯಿರಿ. ಅದನ್ನು ಕಟ್ಟಿದವರು ಪತ್ತಾರ ಮಾಸ್ತರರೆಂಬುದು ರೂಢಿ. ಪರರ ಹೆಂಡತಿ ಗಂಗಿಯ ಮೇಲೆ ಗೆಳೆಯ ಸಂಗ್ಯಾನಿಗಿದ್ದ ಕಳ್ಳಪ್ರೀತಿಗೆ ನೆರವಾದವನು ಬಾಳ್ಯಾ. ಅದೇ ಗೆಳೆಯನನ್ನು ಕೊನೆಗೆ ಕೊಲೆಗಾರರ ಕೈಗೆ ಒಪ್ಪಿಸಿದವನೂ ಬಾಳ್ಯಾ. ಆಟದ ಮೊದಲರ್ಧದಲ್ಲಿ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆ ನಗುವಿನಲ್ಲಿ ಬಾಳ್ಯಾನ ಪಾಲು ದೊಡ್ಡದು. ಹೊತ್ತು ಕಳೆದಂತೆ, ತಾವು ನಕ್ಕ ಪ್ರತಿಯೊಂದು ಮಾತೂ ಕೊಲೆಯ ಕಡೆಗೆ ಒಂದೊಂದು ಹೆಜ್ಜೆಯಾಗಿತ್ತೆಂದು ಅವರಿಗೆ ಅರಿವಾಗುತ್ತದೆ. ಅಲ್ಲಿ ಎಲ್ಲರಿಗೂ ಮಾತುಂಟು. ಗಂಡನಿಗುಂಟು, ಗಂಗಿಗುಂಟು, ಸಾಯುವವನಿಗೂ ಉಂಟು. ಒಬ್ಬನ ‘ನಾನು’ ಇನ್ನೊಬ್ಬನ ‘ನಾನು’ಗೆ ಎದುರಾಗಿ ನಿಂತಾಗ ಸುಳ್ಳಿಗೆ ಜಾಗ ಕಡಿಮೆ. ನನ್ನ ಕೇಳಿದರೆ, ಕಥನ ರ‍್ಯಾಪಿನವರು ನಮ್ಮಲ್ಲಿ ಕಲಿಯಬೇಕಾದ ಪಾಠಶಾಲೆ ಇದು.

ಗೀಗೀ ಮೇಳದಲ್ಲಿ ಈ ಎದುರುಬದುರು ಇನ್ನೂ ಸ್ಪಷ್ಟ. ಹರದೇಶಿಯವರು ಗಂಡಿನ ಪಕ್ಷ, ನಾಗೇಶಿಯವರು ಹೆಣ್ಣಿನ ಪಕ್ಷ. ಒಂದು ಪಕ್ಷ ಹಾಡಿ ಕುಳಿತೊಡನೆ ಇನ್ನೊಂದು ಪಕ್ಷ ಎದ್ದು, ಹಾಡಿದ್ದನ್ನೆಲ್ಲ ಬಿಚ್ಚಿ, ಹರಿದು, ಮರಳಿ ಮುಖಕ್ಕೆ ಎಸೆಯುತ್ತದೆ. ರಾತ್ರಿಯೆಲ್ಲ ಹೀಗೆ. ಅಲ್ಲಿ ಗಂಡಸು ತನ್ನ ತಪ್ಪನ್ನು ತಾನೇ ಹಾಸ್ಯ ಮಾಡಿಕೊಂಡು ಪಾರಾಗುವೆನೆಂದರೆ ಸಾಧ್ಯವಿಲ್ಲ. ಆ ಹಾಸ್ಯಕ್ಕೂ ಉತ್ತರ ಸಿದ್ಧವಾಗಿರುತ್ತದೆ.

ಮಾತು ಮುಗಿಯುತ್ತ ಬಂತು. ಹಾಡಿದವನು ತನ್ನ ತಪ್ಪನ್ನು ನಗುತ್ತ ಒಪ್ಪಿಕೊಳ್ಳುವುದು ಒಂದು ಘಟ್ಟ. ಪೆಟ್ಟು ತಿಂದವರಿಗೆ ಅದೇ ತಾಳದಲ್ಲಿ ಸರದಿ ಸಿಗುವುದು ಅದಕ್ಕಿಂತ ಎತ್ತರದ ಘಟ್ಟ. ಇದಿಷ್ಟನ್ನು ಹಿಡಿದುಕೊಂಡು ನಮ್ಮ ಸೀಮೆಗೆ ಮರಳೋಣ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಈ ಪ್ರಾಂತದಲ್ಲಿ ಕನ್ನಡವೂ ಕೊಂಕಣಿಯೂ ಮರಾಠಿಯೂ ಒಂದೇ ಸಂತೆಯಲ್ಲಿ ಚೌಕಾಸಿ ಮಾಡುತ್ತವೆ. ಕುಣಬಿಗಳಿದ್ದಾರೆ, ಗೌಳಿಗಳಿದ್ದಾರೆ, ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಹಲವರು ಗೋವೆಯಿಂದ ತಪ್ಪಿಸಿಕೊಂಡು ಈ ಘಟ್ಟದ ಕಾಡುಗಳನ್ನು ಸೇರಿದರು. ಅವರ ಸಂತತಿಯೇ ಸಿದ್ದಿಗಳು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಡಮಾಮಿಯ ಬಡಿತವನ್ನು ಕೇಳಿದವರು ಮರೆಯುವುದಿಲ್ಲ. 2021ರಲ್ಲಿ ತೆರೆಗೆ ಬಂದ ‘ಸಲಗ’ ಚಿತ್ರದಲ್ಲಿ, ಚರಣ್ ರಾಜ್ ಅವರ ಸಂಗೀತದಲ್ಲಿ, ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮತ್ತು ಚನ್ನಕೇಶವ ಅವರ ದನಿಯಲ್ಲಿ ಬಂದ ‘ಟಿಣಿಂಗ ಮಿಣಿಂಗ ಟಿಶ್ಯಾ’ ನಾಡನ್ನೆಲ್ಲ ಕುಣಿಸಿತು. ಅದು ಲಯದ ಹಾಡು, ಕಥೆಯ ಹಾಡಲ್ಲ. ಆದರೆ ಬ್ರಾಂಕ್ಸಿನ ಕರಿಯ ತರುಣರು ಹುಡುಕಿದ ಆ ಮಾತಿನ ತಾಳ ನಮ್ಮ ಕಾಡಿನ ಕೇರಿಗಳಲ್ಲಿಯೂ ಉಂಟೆಂಬುದನ್ನು ಅದು ತೋರಿಸಿಕೊಟ್ಟಿತು.

ಇನ್ನು ಹೆಂಗಸರ ಪುಗಡಿ. ವೃತ್ತವಾಗಿ ನಿಂತು, ಬಾಗಿ ಬಾಗಿ ತಿರುಗುತ್ತ, ಒಬ್ಬಳು ಎತ್ತಿಕೊಟ್ಟ ನುಡಿಯನ್ನು ಉಳಿದವರು ಹಿಡಿಯುತ್ತ ಹೋಗುವ ಆ ಆಟದಲ್ಲಿ ಅತ್ತೆಗೂ ಗಂಡನಿಗೂ ಸಲ್ಲಬೇಕಾದದ್ದು ಸಲ್ಲುತ್ತದೆ. ದೂರದಲ್ಲಿ ಕುಳಿತ ಗಂಡಸರು ಕೇಳಿಸದವರಂತೆ ಬೀಡಿ ಹಚ್ಚುತ್ತಾರೆ.

ಈಗ ಮೊಬೈಲಿನಲ್ಲಿಯೇ ತಾಳ ಹಾಕಿಕೊಂಡು, ಮೊಬೈಲಿನಲ್ಲಿಯೇ ಪದ ಕಟ್ಟಿ ಹಾಡುವ ಕಾಲ ಬಂದಿದೆ. ಅದಕ್ಕೆ ದೊಡ್ಡ ನಗರವೂ ಬೇಡ, ದೊಡ್ಡ ಬಂಡವಾಳವೂ ಬೇಡ. ನಮ್ಮ ಹುಡುಗರು ಯಾರಾದರೂ ಗೋವೆಯ ಬಾಟಲಿಯ ಕಥೆಯನ್ನು ‘ನಂದೇ’ ಎಂದು ಎದೆತಟ್ಟಿ, ಊರೆಲ್ಲ ನಗುವಂತೆ ಹಾಡಲಿ. ನಾನು ಮೊದಲ ಸಾಲಿನಲ್ಲಿ ಕುಳಿತು ಕೇಳುತ್ತೇನೆ. ಅವನ ಸರದಿ ಮುಗಿದ ಮೇಲೆ ಅವನ ಹೆಂಡತಿಯೋ ತಾಯಿಯೋ ತಂಗಿಯೋ ಅದೇ ತಾಳಕ್ಕೆ ತನ್ನ ನುಡಿಯನ್ನು ಹಾಡಲಿ. ಅದನ್ನು ಅವನು ಬರೆದುಕೊಡುವುದು ಬೇಡ. ಅವಳೇ ಕಟ್ಟಲಿ, ಕೊಂಕಣಿಯಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ. ಅಂಥ ಜೋಡಿ ಹಾಡೊಂದು ತಯಾರಾದರೆ ಬಾನುಲಿಯವರಿಗೆ ತಿಳಿಸಿ. ಮುಂದಿನ ಸಲ ನನಗೆಂದು ಇಟ್ಟ ಕಾಲು ಗಂಟೆಯನ್ನು ನಾನು ಅವರಿಗೆ ಬಿಟ್ಟುಕೊಡುತ್ತೇನೆ.